ಜೋಗವೋ, ಕುಂಚಿಕಲ್ಲೋ?



ಊರೂರು ಸುತ್ತಿದ ಕಥೆಯನ್ನು ಈ ಪುಟದಲ್ಲಿ ತಿಂಗಳು ತಿಂಗಳು ಬರೆಯುತ್ತಾ ಬಂದ ನನಗೆ ಕಳೆದ ವರ್ಷ ಒಂದು ಹುಮ್ಮಸ್ಸು ಬಂತು. ಬಿಡದೆ ಓದುವವರಿಗಾಗಿ ಒಂದು ಪ್ರವಾಸ ರಸಪ್ರಶ್ನೆ ಇಟ್ಟರೆ ಹೇಗೆ? ಐದು ಪ್ರಶ್ನೆ. ಎಲ್ಲವನ್ನೂ ಸರಿ ಬರೆದವರ ನಡುವೆ ಚೀಟಿ ಎತ್ತುವುದು. ಗೆದ್ದವರಿಗೆ ಗಾಲಿ ಇರುವ ಒಂದು ಬ್ಯಾಗು. ಸಂಪಾದಕ ಮಂಡಳಿ ಸಂತೋಷದಿಂದ ಒಪ್ಪಿತು. ಬ್ಯಾಗಿನ ಖರ್ಚು ಮಾತ್ರ ನಿಮ್ಮದೇ ಎಂದಿತು!

ರಸಪ್ರಶ್ನೆಗೂ ಚರ್ಚ್ ಹಾಲಿಗೂ ಹಳೆಯ ನಂಟು. 1967ರಲ್ಲಿ ನೀಲ್ ಓಬ್ರಿಯನ್ ಅವರು ಕಲ್ಕತ್ತೆಯ ಕ್ರೈಸ್ಟ್ ದ ಕಿಂಗ್ ಚರ್ಚಿನ ಹಾಲಿನಲ್ಲಿ ನಡೆಸಿದ ಕ್ವಿಜ್ ನಮ್ಮ ದೇಶದ ಮೊತ್ತಮೊದಲನೆಯದೆಂದು ಹೆಸರಾಗಿದೆ. ಇಂಥ ಚಿಲ್ಲರೆ ಸಂಗತಿಗಳಿಗೆ ಇಂಗ್ಲಿಷಿನವರು 'ಟ್ರಿವಿಯಾ' ಎನ್ನುತ್ತಾರಲ್ಲ, ಅದರ ಹಿಂದಿರುವ ಲ್ಯಾಟಿನ್ ಪದಕ್ಕೆ ಮೂರು ದಾರಿ ಕೂಡುವ ಜಾಗ ಎಂದು ಅರ್ಥ. ಪ್ರವಾಸದ ಸ್ಪರ್ಧೆಗೆ ಇದಕ್ಕಿಂತ ಒಳ್ಳೆಯ ಶಕುನ ಬೇಕೇ ಎಂದುಕೊಂಡೆ. ಮೂರು ದಾರಿ ಕೂಡುವಲ್ಲಿ ದಾರಿ ತಪ್ಪುವುದೂ ಸುಲಭ ಎಂಬುದು ಹೊಳೆಯಲಿಲ್ಲ.

ಪತ್ರಿಕೆ ಮನೆ ಮನೆ ತಲುಪಿದ ಭಾನುವಾರ ಸಂಜೆಯೊಳಗೆ ಮೊಬೈಲಿಗೆ ಉತ್ತರಗಳು ಬಂದು ಬಿದ್ದವು. ಎಲ್ಲವೂ ಸರಿ. ಸರಿ ಮಾತ್ರವಲ್ಲ, ಮಾತೂ ಒಂದೇ, ಅಲ್ಪವಿರಾಮವೂ ಒಂದೇ. ಗೂಗಲ್ ಬರೆದುಕೊಟ್ಟದ್ದನ್ನು ಎಲ್ಲರೂ ನನಗೆ ದಾಟಿಸಿದ್ದರು. ಅವರ ತಪ್ಪೇನು? ನಾನು ಕೇಳಿದ್ದೇ ಹಾಗಿತ್ತು. ಜನರಲ್ ನಾಲೆಡ್ಜ್ ಪುಸ್ತಕದಿಂದ ಎತ್ತಿದ ಪ್ರಶ್ನೆಗಳು. ಅವುಗಳಲ್ಲಿ ಮೂರನೆಯದು, 'ಕರ್ನಾಟಕದ ಅತಿ ಎತ್ತರದ ಜಲಪಾತ ಯಾವುದು?' ನನ್ನ ಪಟ್ಟಿಯಲ್ಲಿದ್ದ ಉತ್ತರ, ಜೋಗ.

ನಾಲ್ಕು ದಿನ ಬಿಟ್ಟು ಒಂದು ಅಂಚೆ ಕಾರ್ಡು ಬಂತು. ಬರೆದವರು ನಿವೃತ್ತ ಟೀಚರ್. ಪತ್ರಿಕೆಯ ಮೊದಲ ಸಂಚಿಕೆಯಿಂದಲೂ ಓದುವವರು. ಅಚ್ಚಿನ ತಪ್ಪು ಕಂಡರೆ ಕೆಂಪು ಶಾಯಿಯಲ್ಲಿ ಗುರುತು ಹಾಕಿ ಕಳುಹಿಸಿಕೊಡುವವರು. ನಾಲ್ಕು ಉತ್ತರ ಸರಿ ಇತ್ತು. ಮೂರನೆಯದಕ್ಕೆ 'ಕುಂಚಿಕಲ್' ಎಂದು ಬರೆದಿದ್ದರು. ನಾನು ಗೀಟು ಎಳೆದು ಕಾರ್ಡನ್ನು ಬದಿಗಿಟ್ಟೆ. ಚೀಟಿ ಎತ್ತಿದ್ದಾಯಿತು, ಫೋಟೋ ಹಾಕಿದ್ದಾಯಿತು, ಬ್ಯಾಗು ಗೆದ್ದ ಹುಡುಗನೊಂದಿಗೆ ಮಸ್ಕತ್ತಿಗೆ ವಿಮಾನ ಏರಿದ್ದೂ ಆಯಿತು.

ಆಮೇಲೆ ಟೀಚರ ಪತ್ರ ಬಂತು.

"ಬಹುಮಾನದ ಮಾತಲ್ಲ. ನಮ್ಮ ಯಜಮಾನರು ವಾರಾಹಿ ವಿದ್ಯುತ್ ಯೋಜನೆಯ ಕೆಲಸದಲ್ಲಿದ್ದಾಗ ನಾನು ಮಾಸ್ತಿಕಟ್ಟೆಯಲ್ಲಿ ಎರಡು ಮಳೆಗಾಲ ಕಳೆದಿದ್ದೇನೆ. ಕುಂಚಿಕಲ್ ಅಬ್ಬಿಯನ್ನು ತುಂಬಿ ಹರಿಯುವಾಗ ಕಂಡಿದ್ದೇನೆ. ಆಮೇಲೆ ಅಣೆಕಟ್ಟು ಆಯಿತು, ಆ ನೀರು ಯಂತ್ರಕ್ಕೆ ಹೋಯಿತು. ನಾವು ಕಂಡದ್ದನ್ನು ಇನ್ನು ಯಾರೂ ಹಾಗೆ ಕಾಣಲಾರರು. ಯಜಮಾನರೂ ಈಗ ಇಲ್ಲ. ನೀವು ಅದರ ಮೇಲೆ ಗೀಟು ಎಳೆದಿರಿ."

ಎರಡು ದಿನ ಅನ್ನ ರುಚಿಸಲಿಲ್ಲ. ಪುಸ್ತಕ ಮಗುಚಿ ನೋಡಿದೆ. ಶರಾವತಿ ನದಿ ಜೋಗದಲ್ಲಿ 253 ಮೀಟರ್ ಕೆಳಗೆ ನೆಟ್ಟಗೆ ಧುಮುಕುತ್ತದೆ. ವಾರಾಹಿಯ ಕುಂಚಿಕಲ್ ಹಾಗಲ್ಲ, ಬಂಡೆಯಿಂದ ಬಂಡೆಗೆ ಮೆಟ್ಟಿಲು ಮೆಟ್ಟಿಲಾಗಿ ಇಳಿಯುವಂಥದ್ದು. ಮೆಟ್ಟಿಲುಗಳನ್ನೆಲ್ಲ ಕೂಡಿಸಿ 455 ಮೀಟರ್ ಎಂದು ಹಲವು ಪಟ್ಟಿಗಳು ಅದನ್ನೇ ಮೇಲೆ ಕೂರಿಸುತ್ತವೆ. ಮೇಘಾಲಯದ ಚಿರಾಪುಂಜಿ ಬಳಿಯ ನೊಹ್ಕಲಿಕಾಯಿ ನೆಟ್ಟಗೆ ಬೀಳುವುದೇ ಸುಮಾರು 340 ಮೀಟರ್. ಪುಣ್ಯಕ್ಕೆ ನಾನು ಇಡೀ ದೇಶದ ಮಾತು ಕೇಳಿರಲಿಲ್ಲ. ನನ್ನ ಪ್ರಶ್ನೆಯಲ್ಲಿ 'ಒಂದೇ ನೆಗೆತದಲ್ಲಿ' ಎಂಬ ಎರಡು ಪದ ಇರಬೇಕಿತ್ತು. ಅವು ಇಲ್ಲದಿದ್ದಾಗ ಟೀಚರ ಉತ್ತರವನ್ನು ತಪ್ಪೆನ್ನಲು ನಾನು ಯಾರು?

ಮಂಡಳಿಯಲ್ಲಿ ವಿಷಯ ಇಟ್ಟೆ. ಮುಗಿದ ಸ್ಪರ್ಧೆ, ಒಂದು ಕಾರ್ಡಿಗಾಗಿ ಯಾಕೆ ಕೆದಕುವುದು ಎಂದರು ಕೆಲವರು. ಹಳೆಯ ಕಾರ್ಡುಗಳ ಕಟ್ಟು ಬಿಚ್ಚಿ ನೋಡಿದರೆ ಇನ್ನೂ ಇಬ್ಬರು ಕುಂಚಿಕಲ್ ಎಂದೇ ಬರೆದಿದ್ದರು! ಅವನ್ನೂ ನಾನೇ ಹೊಡೆದು ಹಾಕಿದ್ದೆ. ಕೊನೆಗೆ, ಗೆದ್ದವರ ಹೆಸರು ಬಂದ ಜಾಗದಲ್ಲಿಯೇ, ಅಷ್ಟೇ ದೊಡ್ಡ ಅಕ್ಷರದಲ್ಲಿ ತಿದ್ದುಪಡಿ ಬಂತು. ಅದನ್ನು ಕೊಡಲು ನಾನೇ ಟೀಚರ ಮನೆಗೆ ಹೋದೆ.

"ಇನ್ನೊಂದು ಬ್ಯಾಗು ತರಿಸುತ್ತೇನೆ ಟೀಚರೇ."

"ಬ್ಯಾಗು ನನಗೆ ಯಾಕೆ ಮಾರಾಯರೇ? ನನ್ನ ಮೊಣಕಾಲು ಗೇಟು ದಾಟುವುದಿಲ್ಲ. ನಿಮ್ಮ ಪುಟದಲ್ಲೇ ನಾನು ತಿರುಗಾಡುವುದು. ನಿಮ್ಮ ಪುಟ ಓದಿದ್ದೇವೋ ಇಲ್ಲವೋ ಎಂದು ಕೇಳಿ. ಗೂಗಲ್ ಓದಿದ್ದೇವೋ ಎಂದು ಕೇಳಬೇಡಿ."

ಚಹಾ ಕುಡಿದು ಬರುವಾಗ ಈ ವರ್ಷದ ಪ್ರಶ್ನೆಗಳನ್ನು ಅವರ ಕೈಯಲ್ಲೇ ಬಿಟ್ಟು ಬಂದೆ. ವಾರದಲ್ಲಿ ತಿರುಗಿ ಬಂದವು, ಕೆಂಪು ಶಾಯಿಯೊಂದಿಗೆ. ಬೇಕಲ ಕೋಟೆ ಕಟ್ಟಿಸಿದವರು ಯಾರು ಎಂಬ ಪ್ರಶ್ನೆಯನ್ನು ಹೊಡೆದು ಹಾಕಿದ್ದರು. ಕೆಳದಿಯ ಶಿವಪ್ಪ ನಾಯಕ ಎಂದು ಬರೆಯುವವರಿದ್ದಾರೆ, ಹಿರಿಯ ವೆಂಕಟಪ್ಪ ನಾಯಕ ಶುರು ಮಾಡಿದ್ದು ಎನ್ನುವವರೂ ಇದ್ದಾರೆ, ಯಾರಿಗೆ ಗೀಟು ಎಳೆಯುತ್ತೀರಿ ಎಂದು ಬದಿಯಲ್ಲಿ ಬರೆದಿದ್ದರು.

ಉಳಿದದ್ದು ಮೂರೇ ಪ್ರಶ್ನೆ. ಮಳೆಗಾಲದಲ್ಲಿ ಮುಳುಗಿ ಬೇಸಿಗೆಯಲ್ಲಿ ಮೇಲೇಳುವ ಶೆಟ್ಟಿಹಳ್ಳಿಯ ಹಳೆಯ ಚರ್ಚು ಯಾವ ನದಿಯ ಹಿನ್ನೀರಿನಲ್ಲಿದೆ, ಅಲ್ಲಿ ನಮಗೆ ಕೊಡೆ ಕೊಟ್ಟವರು ಯಾರು? ಮಂಗಳೂರಿನ ಸಂತ ಅಲೋಶಿಯಸ್ ಚಾಪೆಲಿನ ಗೋಡೆ ತುಂಬ ಚಿತ್ರ ಬರೆದ ಇಟಲಿಯ ಅಂತೋನಿಯೊ ಮೊಸ್ಕೆನಿ 1905ರಲ್ಲಿ ತೀರಿಕೊಂಡದ್ದು ಯಾವ ಊರಿನಲ್ಲಿ, ಆ ಊರಿಗೆ ಹೋದಾಗ ನಮ್ಮ ಬಸ್ಸು ಕೆಟ್ಟು ನಿಂತದ್ದು ಎಲ್ಲಿ? ಬೇಕಲದಲ್ಲಿ ನಾನು ಕಳೆದುಕೊಂಡದ್ದು ಯಾವ ಕಾಲಿನ ಚಪ್ಪಲಿ?

ಹಳೆಯ ಸಂಚಿಕೆಗಳನ್ನು ಅಟ್ಟದಿಂದ ಇಳಿಸಿ. ಉತ್ತರ ಕೈಬರಹದಲ್ಲೇ ಇರಲಿ, ಚರ್ಚ್ ಬಾಗಿಲ ಬಳಿಯ ಪೆಟ್ಟಿಗೆಗೆ ಹಾಕಿ. ದೂರದವರಿಗೆ ಅಂಚೆ ತಡವಾಗುವುದರಿಂದ ಒಂದು ತಿಂಗಳು ಪೂರ್ತಿ ಸಮಯವಿದೆ. ಈ ಸಲ ಟೀಚರ್ ಸ್ಪರ್ಧೆಯಲ್ಲಿ ಇಲ್ಲ. ಉತ್ತರ ನೋಡುವವರು ಅವರೇ.