ಒಕ್ಕಣ್ಣನೂ ಅವನ ಬಳಗವೂ

ಪುರಾತನ ಗ್ರೀಕರ ಪುರಾಣಗಳಲ್ಲಿ ದೇವತೆಗಳಿಗೆ ಎಷ್ಟು ಸ್ಥಾನವುಂಟೋ ದೈತ್ಯರಿಗೂ ವಿಕಾರರೂಪಿಗಳಿಗೂ ಹೆಚ್ಚುಕಡಿಮೆ ಅಷ್ಟೇ ಸ್ಥಾನವುಂಟು. ನೂರು ಕೈಗಳುಳ್ಳವರು, ತಲೆಗೂದಲ ಬದಲಿಗೆ ಹಾವುಗಳನ್ನು ಹೊತ್ತವರು, ಸೊಂಟದವರೆಗೆ ಮನುಷ್ಯರಾಗಿಯೂ ಅಲ್ಲಿಂದ ಕೆಳಗೆ ಕುದುರೆಗಳಾಗಿಯೂ ಇರುವವರು, ಹಣೆಯ ನಡುವೆ ಒಂದೇ ಕಣ್ಣುಳ್ಳವರು, ಇವರೆಲ್ಲರೂ ಆ ಕಥೆಗಳ ಗುಹೆಗಳಲ್ಲಿಯೂ ದ್ವೀಪಗಳಲ್ಲಿಯೂ ಕಾದು ಕುಳಿತಿರುತ್ತಾರೆ. ವೀರನೊಬ್ಬನು ಬರುತ್ತಾನೆ, ಹೋರಾಡುತ್ತಾನೆ, ಕೊಲ್ಲುತ್ತಾನೆ, ಕೀರ್ತಿವಂತನಾಗಿ ಊರಿಗೆ ಮರಳುತ್ತಾನೆ. ಮಕ್ಕಳಿಗಾಗಿ ಸಂಗ್ರಹಿಸಿದ ಪುಸ್ತಕಗಳಲ್ಲಿ ಕಥೆಯು ಸಾಮಾನ್ಯವಾಗಿ ಇಲ್ಲಿಗೇ ಮುಗಿಯುತ್ತದೆ. ಆದರೆ ಮೂಲ ಕಾವ್ಯಗಳನ್ನು ಸಾವಧಾನವಾಗಿ ಓದುವವನಿಗೆ ಬೇರೊಂದು ಸಂಗತಿಯು ಗೋಚರಿಸುತ್ತದೆ. ವೀರನ ಸಾಹಸವನ್ನು ಹೊಗಳುತ್ತಿರುವಾಗಲೇ ಕವಿಯು ದೈತ್ಯನ ಮುಖದ ಕಡೆಗೂ ಒಮ್ಮೆ ಕಣ್ಣು ಹಾಯಿಸಿರುತ್ತಾನೆ. ಈ ಪುರಾಣಗಳ ಹಿರಿಮೆಯು ಆ ಒಂದು ನೋಟದಲ್ಲಿದೆಯೇ ಹೊರತು ಕೊಂದವನ ಕತ್ತಿಯಲ್ಲಿ ಇಲ್ಲ.

ದೈತ್ಯರ ಹುಟ್ಟನ್ನು ಕುರಿತು ಹೆಸಿಯಡ್ ಎಂಬ ಪ್ರಾಚೀನ ಕವಿಯು ಹೇಳಿರುವ ಮಾತು ಗಮನಾರ್ಹವಾಗಿದೆ. ಅವನ ಪ್ರಕಾರ ಭೂಮಿಯೇ ಎಲ್ಲರ ತಾಯಿ. ಅವಳ ಹೆಸರು ಗೈಯಾ. ಆಕಾಶನಿಂದ ಅವಳು ಹನ್ನೆರಡು ಮಂದಿ ಟೈಟನ್ನರನ್ನೂ, ಮೂವರು ಒಕ್ಕಣ್ಣರನ್ನೂ, ಮೂವರು ನೂರು ಕೈಗಳವರನ್ನೂ ಹೆತ್ತಳು. ಆಕಾಶನ ರಕ್ತವು ನೆಲಕ್ಕೆ ಬಿದ್ದಾಗ ಅದರಿಂದ ದೈತ್ಯರು ಹುಟ್ಟಿದರು. ದೇವರಾಜನಾದ ಜ್ಯೂಸನೂ ಅದೇ ಭೂಮಿತಾಯಿಯ ಮೊಮ್ಮಗನೇ. ಅವನ ಕೈಯ ಸಿಡಿಲನ್ನು ಅವನಿಗೆ ಕೊಟ್ಟವರೂ ಆ ಮೂವರು ಒಕ್ಕಣ್ಣರೇ. ಹೀಗೆ ದೇವತೆಗಳು ದೈತ್ಯರೊಡನೆ ಮಾಡಿದ ಯುದ್ಧವು ಹೊರಗಿನವರೊಡನೆ ಮಾಡಿದ ಯುದ್ಧವಲ್ಲ, ದಾಯಾದಿಗಳ ಜಗಳ. ದೈತ್ಯನು ಪರಲೋಕದಿಂದ ಬಂದವನಲ್ಲ, ಮನೆಯವನೇ ಎಂಬ ಅರಿವು ಗ್ರೀಕರಿಗೆ ಮೊದಲಿನಿಂದಲೂ ಇದ್ದಿತು.

ಈ ಒಕ್ಕಣ್ಣರ ಕುಲಕ್ಕೆ ಸೈಕ್ಲೋಪರೆಂದು ಹೆಸರು. ಅವರಲ್ಲೆಲ್ಲ ಪ್ರಸಿದ್ಧನಾದವನು ಪಾಲಿಫೀಮಸ್. ಇವನು ಹೆಸಿಯಡನು ಹೇಳುವ ಮೂವರಲ್ಲಿ ಸೇರಿದವನಲ್ಲ. ಸಮುದ್ರದೇವನಾದ ಪೊಸೈಡನನ ಮಗ. ಇವನ ಕಥೆಯು ಹೋಮರನ ಒಡಿಸ್ಸಿ ಮಹಾಕಾವ್ಯದ ಒಂಬತ್ತನೆಯ ಸರ್ಗದಲ್ಲಿ ಬರುತ್ತದೆ. ಟ್ರಾಯ್ ನಗರವನ್ನು ಗೆದ್ದು ಸ್ವದೇಶಕ್ಕೆ ಹಿಂದಿರುಗುತ್ತಿದ್ದ ಒಡಿಸ್ಯೂಸನು ತನ್ನ ಹನ್ನೆರಡು ಮಂದಿ ಸಂಗಡಿಗರೊಡನೆ ಪಾಲಿಫೀಮಸನ ಗುಹೆಗೆ ಬಂದನು. ಒಡೆಯನು ಮನೆಯಲ್ಲಿರಲಿಲ್ಲ; ಕುರಿಗಳನ್ನು ಮೇಯಿಸಲು ಹೋಗಿದ್ದನು. ಗುಹೆಯ ಒಳಗನ್ನು ಹೋಮರನು ವರ್ಣಿಸುವ ರೀತಿ ಸೊಗಸಾಗಿದೆ. ಬುಟ್ಟಿಗಳಲ್ಲಿ ಒಪ್ಪವಾಗಿ ಜೋಡಿಸಿಟ್ಟ ಚೀಸು, ವಯಸ್ಸಿಗೆ ತಕ್ಕಂತೆ ಬೇರೆ ಬೇರೆ ದೊಡ್ಡಿಗಳಲ್ಲಿ ಕೂಡಿಹಾಕಿದ ಕುರಿಮರಿಗಳು, ತುಂಬಿದ ಹಾಲಿನ ಪಾತ್ರೆಗಳು. ಅದು ರಾಕ್ಷಸನ ಬೀಡಿನಂತೆ ಕಾಣುವುದಿಲ್ಲ. ಶ್ರಮಜೀವಿಯಾದ ಕುರಿಗಾಹಿಯೊಬ್ಬನ ಅಚ್ಚುಕಟ್ಟಾದ ಮನೆಯಂತೆ ಕಾಣುತ್ತದೆ.

ಸಂಗಡಿಗರು ಚೀಸನ್ನೂ ಮರಿಗಳನ್ನೂ ಕದ್ದು ಬೇಗನೆ ಹಡಗನ್ನು ಸೇರೋಣವೆಂದರು. ಒಡಿಸ್ಯೂಸನು ಒಪ್ಪಲಿಲ್ಲ. ಮನೆಯೊಡೆಯನನ್ನು ನೋಡಬೇಕು, ಅತಿಥಿಗೆ ಸಲ್ಲತಕ್ಕ ಉಡುಗೊರೆಯನ್ನು ಅವನಿಂದ ಪಡೆಯಬೇಕು ಎಂಬುದು ಅವನ ಆಸೆ. ಕರೆಯದೆ ಒಳಗೆ ಬಂದು, ಬೆಂಕಿ ಹೊತ್ತಿಸಿ, ಮನೆಯವನ ಚೀಸನ್ನು ತಿನ್ನುತ್ತ ಅವರು ಕುಳಿತರು. ಸಂಜೆ ಹಿಂದಿರುಗಿದ ಪಾಲಿಫೀಮಸನು ಹೆಬ್ಬಂಡೆಯಿಂದ ಬಾಗಿಲನ್ನು ಮುಚ್ಚಿ, ಕುರಿಗಳನ್ನು ಕರೆದು, ಆಮೇಲೆ ಇವರನ್ನು ಕಂಡನು. ನೀವು ವ್ಯಾಪಾರಿಗಳೋ ಕಡಲುಗಳ್ಳರೋ ಎಂದು ಕೇಳಿದನು. ಈ ಪ್ರಶ್ನೆಯು ಒರಟಾಗಿ ತೋರಿದರೂ ಅನುಚಿತವಲ್ಲ. ಆ ಕಾಲದಲ್ಲಿ ಕಡಲುಗಳ್ಳತನವು ಅವಮಾನದ ವೃತ್ತಿಯಾಗಿರಲಿಲ್ಲವೆಂದು ಇತಿಹಾಸಕಾರ ಥುಸಿಡಿಡೀಸನೇ ಬರೆದಿದ್ದಾನೆ. ಅದೂ ಅಲ್ಲದೆ, ಒಡಿಸ್ಯೂಸನು ಈ ತೀರಕ್ಕೆ ಬರುವುದಕ್ಕೆ ಸ್ವಲ್ಪ ಮೊದಲು ಇಸ್ಮರಸ್ ಎಂಬ ಊರನ್ನು ಸೂರೆಮಾಡಿ, ಗಂಡಸರನ್ನು ಕೊಂದು, ಹೆಂಗಸರನ್ನೂ ಸಂಪತ್ತನ್ನೂ ಹಂಚಿಕೊಂಡಿದ್ದನು. ಇದನ್ನು ಹೋಮರನು ಮುಚ್ಚಿಟ್ಟಿಲ್ಲ. ಅದೇ ಸರ್ಗದಲ್ಲಿ, ಒಡಿಸ್ಯೂಸನ ಬಾಯಿಂದಲೇ ಹೇಳಿಸಿದ್ದಾನೆ.

ಪಾಲಿಫೀಮಸನು ನಿರಪರಾಧಿಯೆಂದು ಇದರ ಅರ್ಥವಲ್ಲ. ಆಶ್ರಯ ಬೇಡಿದವರನ್ನು ಹೊತ್ತಿಗೆ ಇಬ್ಬರಂತೆ ಮೂರು ಹೊತ್ತು ಹಿಡಿದು ಆರು ಮಂದಿಯನ್ನು ತಿಂದವನನ್ನು ಯಾವ ನ್ಯಾಯವೂ ಕ್ಷಮಿಸದು. ಒಡಿಸ್ಯೂಸನ ಉಪಾಯವನ್ನು ಮೆಚ್ಚದವರೂ ಇರಲಾರರು. ತನ್ನ ಹೆಸರು 'ಯಾರೂ ಇಲ್ಲ' ಎಂದು ಅವನು ನಂಬಿಸಿದನು, ಮದ್ಯವನ್ನು ಕುಡಿಸಿದನು, ಕಾಯಿಸಿದ ಆಲಿವ್ ಮರದ ಕೊರಡಿನಿಂದ ಆ ಒಂಟಿ ಕಣ್ಣನ್ನು ಚುಚ್ಚಿದನು. ಕೂಗನ್ನು ಕೇಳಿ ಓಡಿಬಂದ ನೆರೆಯವರು ನಿನ್ನನ್ನು ಹಿಂಸಿಸುತ್ತಿರುವವರು ಯಾರೆಂದು ಕೇಳಿದರೆ ಪಾಲಿಫೀಮಸನು ಆ ಹೆಸರನ್ನೇ ಹೇಳಿದನು. ಯಾರೂ ಇಲ್ಲವೆಂದ ಮೇಲೆ ಮಾಡುವುದೇನೆಂದು ಅವರು ಹೊರಟುಹೋದರು. ಗ್ರೀಕರ ಮಕ್ಕಳು ಸಾವಿರಾರು ವರ್ಷ ಈ ಪ್ರಸಂಗಕ್ಕೆ ನಕ್ಕಿರಬೇಕು.

ಆದರೆ ಮರುದಿನ ಬೆಳಗ್ಗೆ ನಡೆಯುವುದು ನಗುವಂಥದಲ್ಲ. ಕುರಿಗಳು ಹೊರಗೆ ಹೋಗುತ್ತಿವೆ. ಟಗರುಗಳ ಹೊಟ್ಟೆಯ ಕೆಳಗೆ ಗ್ರೀಕರು ಅಡಗಿದ್ದಾರೆ. ಕುರುಡನು ಒಂದೊಂದರ ಬೆನ್ನನ್ನೂ ತಡವಿ ಬಿಡುತ್ತಿದ್ದಾನೆ. ಹಿಂಡಿನಲ್ಲೆಲ್ಲ ದೊಡ್ಡದಾದ ಟಗರು, ಒಡಿಸ್ಯೂಸನ ಭಾರದಿಂದ ಬಳಲಿ, ಎಲ್ಲಕ್ಕಿಂತ ಹಿಂದೆ ಬರುತ್ತದೆ. ಪಾಲಿಫೀಮಸನು ಅದನ್ನು ನಿಲ್ಲಿಸಿ ಮಾತನಾಡಿಸುತ್ತಾನೆ. ಹುಲ್ಲುಗಾವಲಿಗೆ ಮೊದಲು ಓಡುವ, ಹೊಳೆಗೆ ಮೊದಲು ಇಳಿಯುವ, ಸಂಜೆ ಮನೆಗೆ ಮೊದಲು ಮರಳುವ ಪ್ರಾಣಿಯು ಇಂದು ಹಿಂದುಳಿದುದೇಕೆ? ತನ್ನ ಒಡೆಯನ ಕಣ್ಣು ಹೋಯಿತೆಂಬ ದುಃಖವೇ? ಈ ಮಾತುಗಳನ್ನು ಆ ಟಗರಿನ ಹೊಟ್ಟೆಗೆ ಅಂಟಿಕೊಂಡು ಒಡಿಸ್ಯೂಸನು ಕೇಳಿಸಿಕೊಳ್ಳುತ್ತಾನೆ. ಕಥೆಗೆ ಈ ಪ್ರಸಂಗದ ಅಗತ್ಯವೇನೂ ಇರಲಿಲ್ಲ; ಇದನ್ನು ಬಿಟ್ಟರೂ ವೀರನು ತಪ್ಪಿಸಿಕೊಳ್ಳುತ್ತಿದ್ದನು. ಆದರೂ ಹೋಮರನು ಇದನ್ನು ಬಿಡಲಿಲ್ಲ. ಪ್ರಪಂಚದ ಸಾಹಿತ್ಯದಲ್ಲಿ ಸೋತವನಿಗೆ ಸಂದ ಅತ್ಯುತ್ತಮವಾದ ಗೌರವಗಳಲ್ಲಿ ಇದೂ ಒಂದೆಂದರೆ ಅತಿಶಯೋಕ್ತಿಯಾಗದು.

ರೋಮನರ ಕವಿ ವರ್ಜಿಲನು ಈ ಎಳೆಯನ್ನು ಮುಂದುವರಿಸಿದನು. ಅವನ ಈನಿಯಡ್ ಕಾವ್ಯದಲ್ಲಿ, ಗ್ರೀಕರಿಂದ ನಾಶವಾದ ಟ್ರಾಯ್ ನಗರದ ನಿರಾಶ್ರಿತರು ಅದೇ ತೀರಕ್ಕೆ ಬರುತ್ತಾರೆ. ಒಡಿಸ್ಯೂಸನು ಮರೆತು ಬಿಟ್ಟುಹೋಗಿದ್ದ ಗ್ರೀಕನೊಬ್ಬನು ಹರಕು ಬಟ್ಟೆಯಲ್ಲಿ ಓಡಿಬಂದು ಅವರ ಕಾಲಿಗೆ ಬೀಳುತ್ತಾನೆ. ವೈರಿಯೆಂದು ತಿಳಿದೂ ಅವರು ಅವನನ್ನು ಹಡಗಿಗೆ ಹತ್ತಿಸಿಕೊಳ್ಳುತ್ತಾರೆ. ಅಷ್ಟರಲ್ಲಿ ಪಾಲಿಫೀಮಸನು ಮರದ ಕಾಂಡವನ್ನು ಊರುಗೋಲಾಗಿ ಹಿಡಿದು ಬೆಟ್ಟದಿಂದ ಇಳಿಯುತ್ತಾನೆ. ಅವನ ಬಾಳಿಗೆ ಉಳಿದಿರುವ ಸಮಾಧಾನವೆಂದರೆ ಕುರಿಗಳು ಮಾತ್ರ. ಕಡಲಿನಲ್ಲಿ ನಿಂತು, ನರಳುತ್ತ, ಅವನು ಕಣ್ಣಿನ ಗಾಯವನ್ನು ತೊಳೆದುಕೊಳ್ಳುತ್ತಾನೆ. ಊರನ್ನು ಕಳೆದುಕೊಂಡವರ ಕಣ್ಣಿಗೆ ದೈತ್ಯನೂ ಇನ್ನೊಂದು ಬಗೆಯಾಗಿ ಕಾಣುವನೆಂಬುದನ್ನು ವರ್ಜಿಲನು ಬಲ್ಲವನಾಗಿದ್ದನು.

ಇಂತಹ ದೈತ್ಯರ ಕಲ್ಪನೆಯು ಎಲ್ಲಿಂದ ಬಂದಿತು? ವಿದ್ವಾಂಸರು ಹಲವು ಉತ್ತರಗಳನ್ನು ಕೊಟ್ಟಿದ್ದಾರೆ. ಸಿಸಿಲಿ ದ್ವೀಪದ ಗುಹೆಗಳಲ್ಲಿ ಕುಬ್ಜ ಜಾತಿಯ ಆನೆಗಳ ಪಳೆಯುಳಿಕೆಗಳು ದೊರೆಯುತ್ತವೆ. ಆನೆಯ ತಲೆಬುರುಡೆಯ ನಡುವೆ ಸೊಂಡಿಲಿನ ಮೂಲದಲ್ಲಿ ದೊಡ್ಡದೊಂದು ರಂಧ್ರವಿರುತ್ತದೆ. ಆನೆಯನ್ನೇ ಕಾಣದವರು ಅದನ್ನು ಕಣ್ಣಿನ ಗುಳಿಯೆಂದು ಭಾವಿಸಿ ಒಕ್ಕಣ್ಣನನ್ನು ಕಲ್ಪಿಸಿಕೊಂಡಿರಬಹುದೆಂದು ಆಸ್ಟ್ರಿಯದ ಪಳೆಯುಳಿಕೆ ವಿಜ್ಞಾನಿ ಒಥೇನಿಯೋ ಆಬೆಲನು 1914ರಲ್ಲಿ ಸೂಚಿಸಿದನು. ಪ್ರಾಚೀನರು ದೊಡ್ಡ ಎಲುಬುಗಳನ್ನು ಕಂಡು ಬೆರಗಾಗುತ್ತಿದ್ದುದಂತೂ ನಿಜ. ರೋಮಿನ ಚಕ್ರವರ್ತಿ ಆಗಸ್ಟಸನು ಕಾಪ್ರಿ ದ್ವೀಪದ ತನ್ನ ಮನೆಯಲ್ಲಿ ಬೃಹತ್ತಾದ ಎಲುಬುಗಳನ್ನು ಸಂಗ್ರಹಿಸಿದ್ದನೆಂದೂ ಜನರು ಅವನ್ನು ದೈತ್ಯರ ಎಲುಬುಗಳೆಂದು ಕರೆಯುತ್ತಿದ್ದರೆಂದೂ ಸ್ವಿಟೋನಿಯಸನು ಬರೆದಿದ್ದಾನೆ. ಆಬೆಲನ ಊಹೆಯು ಜಾಣತನದ್ದು, ನಿಜವಾಗಿದ್ದರೂ ಇರಬಹುದು. ಆದರೆ ಅದು ಒಂಟಿ ಕಣ್ಣಿಗೆ ಉತ್ತರವನ್ನು ಕೊಡುತ್ತದೆಯೇ ಹೊರತು ಟಗರಿನೊಡನೆ ಆಡಿದ ಮಾತಿಗೆ ಉತ್ತರವನ್ನು ಕೊಡಲಾರದು.

ಪ್ರಾಚೀನರೆಲ್ಲರೂ ಇವನ್ನು ಕಣ್ಣು ಮುಚ್ಚಿ ನಂಬಿದ್ದರೆಂದು ತಿಳಿಯುವುದೂ ತಪ್ಪು. ಕ್ರಿ.ಪೂ. ಮೊದಲನೆಯ ಶತಮಾನದ ರೋಮನ್ ಕವಿ ಲುಕ್ರೀಷಿಯಸನು ಕುದುರೆಯ ಮೈಯ ಮನುಷ್ಯರಾದ ಸೆಂಟಾರರು ಇರಲು ಸಾಧ್ಯವೇ ಇಲ್ಲವೆಂದು ವಾದಿಸಿದನು. ಮೂರನೆಯ ವರ್ಷಕ್ಕೆ ಕುದುರೆಯು ಪೂರ್ಣ ಬಲವನ್ನು ಪಡೆಯುತ್ತದೆ; ಆ ವಯಸ್ಸಿನ ಮಗುವು ಇನ್ನೂ ತಾಯಿಯ ಮೊಲೆಹಾಲನ್ನು ಬಯಸುತ್ತಿರುತ್ತದೆ. ಹುಡುಗನಿಗೆ ಮೀಸೆ ಮೂಡುವ ಹೊತ್ತಿಗೆ ಕುದುರೆಯು ಮುದಿಯಾಗಿರುತ್ತದೆ. ಹೀಗೆ ಬೇರೆ ಬೇರೆ ವೇಗದಲ್ಲಿ ಬೆಳೆಯುವ ಎರಡು ದೇಹಗಳು ಒಂದಾಗಿ ಬಾಳುವುದೆಂತು? ಎರಡು ಸಾವಿರ ವರ್ಷಗಳ ಹಿಂದಿನ ಈ ತರ್ಕವನ್ನು ಓದಿದರೆ ಈಗಲೂ ಸಂತೋಷವಾಗುತ್ತದೆ.

ಆದರೆ ಇಲ್ಲದ ಪ್ರಾಣಿಯನ್ನು ಮನುಷ್ಯರು ಉಪಯೋಗಿಸಿಕೊಂಡ ಬಗೆಯನ್ನೂ ನೋಡಬೇಕು. ಕ್ರಿ.ಪೂ. 480ರಲ್ಲಿ ಪಾರಸಿಕರು ಅಥೆನ್ಸ್ ನಗರವನ್ನು ಹಿಡಿದು ಅಲ್ಲಿಯ ಗುಡಿಗಳನ್ನು ಸುಟ್ಟರು. ಅನಂತರ ಗೆದ್ದ ಅಥೆನ್ಸಿನವರು ಕ್ರಿ.ಪೂ. 447ರಲ್ಲಿ ಪಾರ್ಥೆನಾನ್ ದೇವಾಲಯವನ್ನು ಕಟ್ಟತೊಡಗಿದರು. ಅದರ ಹೊರಮೈಯ ಶಿಲಾಫಲಕಗಳಲ್ಲಿ ಒಂದು ಕಡೆ ದೇವತೆಗಳು ದೈತ್ಯರೊಡನೆಯೂ ಇನ್ನೊಂದು ಕಡೆ ಮನುಷ್ಯರು ಸೆಂಟಾರರೊಡನೆಯೂ ಕಾದುತ್ತಿದ್ದಾರೆ. ಪಾರಸಿಕನ ಚಿತ್ರವು ಆ ಫಲಕಗಳಲ್ಲಿ ನೇರವಾಗಿ ಇಲ್ಲವೆಂದರೂ ನೋಡುವವನಿಗೆ ಇಂಗಿತವು ತಿಳಿಯುತ್ತಿದ್ದಿತು. ವೈರಿಗೆ ಕುದುರೆಯ ಕಾಲುಗಳನ್ನು ಜೋಡಿಸಿದ ಮೇಲೆ ಅವನ ಹೆಂಡತಿ ಮಕ್ಕಳ ಯೋಚನೆಯು ಯಾರಿಗೂ ಬರುವುದಿಲ್ಲ. ಇದು ಶಿಲ್ಪಕಲೆಯ ಸೊಬಗನ್ನು ಮೆಚ್ಚುವವರೂ ಒಪ್ಪಲೇಬೇಕಾದ ಕಹಿ ಮಾತು.

ಅದೇ ಅಥೆನ್ಸಿನಲ್ಲಿ ಬೇರೆ ಬಗೆಯ ಮನಸ್ಸೂ ಇದ್ದಿತು. ಮ್ಯಾರಥಾನ್ ರಣರಂಗದಲ್ಲಿ ಪಾರಸಿಕರ ವಿರುದ್ಧ ಸ್ವತಃ ಹೋರಾಡಿದ್ದ ನಾಟಕಕಾರ ಈಸ್ಕಿಲಸನು ಕ್ರಿ.ಪೂ. 472ರಲ್ಲಿ, ನಗರವು ಸುಟ್ಟುಹೋದ ಎಂಟೇ ವರ್ಷಗಳಲ್ಲಿ, ಪಾರಸಿಕರ ಅರಮನೆಯಲ್ಲಿ ನಡೆಯುವ ದುರಂತ ನಾಟಕವನ್ನು ಆಡಿಸಿದನು. ಸೋತ ದೊರೆಯ ತಾಯಿಯೂ ಆಸ್ಥಾನದ ಮುದುಕರೂ ಅಲ್ಲಿ ಗೋಳಿಡುತ್ತಾರೆ. ಗೆದ್ದ ಜನರು ಕುಳಿತು ಅದನ್ನು ನೋಡಿದರು, ಬಹುಮಾನವನ್ನೂ ಕೊಟ್ಟರು. ಈ ನಾಟಕವನ್ನು ಬಿ.ಎಂ. ಶ್ರೀಕಂಠಯ್ಯನವರು 'ಪಾರಸಿಕರು' ಎಂಬ ಹೆಸರಿನಿಂದ ಕನ್ನಡಕ್ಕೆ ತಂದಿದ್ದಾರೆ.

ಮೆಡೂಸಳ ಕಥೆಯಲ್ಲಿಯೂ ಇಂತಹ ತಿರುವೊಂದು ಉಂಟು. ಅವಳನ್ನು ಕಂಡವರು ಕಲ್ಲಾಗುತ್ತಿದ್ದರು. ಪರ್ಸ್ಯೂಸನು ಅವಳ ತಲೆಯನ್ನು ಕತ್ತರಿಸಿದನು ಎಂಬಷ್ಟೇ ಎಲ್ಲರಿಗೂ ತಿಳಿದ ಭಾಗ. ರೋಮನ್ ಕವಿ ಓವಿಡನು ಅದಕ್ಕೂ ಹಿಂದಿನ ಸಂಗತಿಯನ್ನು ಹೇಳುತ್ತಾನೆ. ಅವಳು ಚೆಲುವೆಯಾದ ಕನ್ಯೆಯಾಗಿದ್ದಳು. ಅವಳ ತಲೆಗೂದಲು ಬಹು ಸುಂದರವಾಗಿದ್ದಿತು. ಸಮುದ್ರದೇವನಾದ ನೆಪ್ಚೂನನು ಮಿನರ್ವಾ ದೇವಿಯ ಗುಡಿಯಲ್ಲಿಯೇ ಅವಳ ಮೇಲೆ ಬಲಾತ್ಕಾರವೆಸಗಿದನು. ದೇವಿಯು ಕೋಪಗೊಂಡು ಶಿಕ್ಷಿಸಿದ್ದು ನೆಪ್ಚೂನನನ್ನಲ್ಲ, ಮೆಡೂಸಳನ್ನು. ಆ ಸುಂದರವಾದ ಕೂದಲೇ ಹಾವುಗಳಾಯಿತು. ಓವಿಡನು ಇದರ ಮೇಲೆ ಯಾವ ಟೀಕೆಯನ್ನೂ ಮಾಡದೆ ಮುಂದೆ ಸಾಗುತ್ತಾನೆ. ಆದರೆ ಇದನ್ನು ಒಮ್ಮೆ ಓದಿದವನು ಪರ್ಸ್ಯೂಸನ ಜಯವನ್ನು ಮೊದಲಿನ ಉತ್ಸಾಹದಿಂದ ಕೊಂಡಾಡಲಾರನು.

ದೈತ್ಯರ ಯುದ್ಧವನ್ನು ಅತ್ಯಂತ ವಿಸ್ತಾರವಾಗಿ ಕೆತ್ತಿದ ಶಿಲ್ಪವು ಈಗಿನ ತುರ್ಕಿಯಲ್ಲಿರುವ ಪೆರ್ಗಮಾನ್ ನಗರದ ಬಲಿಪೀಠದ್ದು. ಕ್ರಿ.ಪೂ. ಎರಡನೆಯ ಶತಮಾನದ ಆ ಬಲಿಪೀಠವನ್ನು ಜರ್ಮನಿಯ ಎಂಜಿನಿಯರ್ ಕಾರ್ಲ್ ಹೂಮನನು 1878ರಿಂದ ಅಗೆದು ತೆಗೆಸಿದನು. ಅದರ ಫಲಕಗಳನ್ನು ಬರ್ಲಿನ್ನಿಗೆ ಸಾಗಿಸಿದರು. ನೂರು ಮೀಟರಿಗೂ ಉದ್ದವಾದ, ಎರಡು ಮೀಟರಿಗೂ ಎತ್ತರವಾದ ಆ ಉಬ್ಬುಶಿಲ್ಪದ ಸಾಲನ್ನು ಮಾಡಿಸಿದ ಅರಸುಮನೆತನವು ಗಲೇಷಿಯನ್ನರೆಂಬ ಶತ್ರುಗಳನ್ನು ಜಯಿಸಿದ್ದಿತು. ದೈತ್ಯರೆಂದರೆ ಆ ಶತ್ರುಗಳೇ ಎಂಬ ಭಾವನೆಯು ಕೆತ್ತಿಸಿದವರಿಗೆ ಇದ್ದಿರಬೇಕು. ಕೆತ್ತಿದವರ ಮನಸ್ಸು ಅಷ್ಟಕ್ಕೇ ನಿಲ್ಲಲಿಲ್ಲ. ಅಲ್ಲಿಯ ದೈತ್ಯರಲ್ಲಿ ಕೆಲವರಿಗೆ ಕಾಲುಗಳ ಬದಲು ಹಾವುಗಳಿವೆ, ಕೆಲವರಿಗೆ ರೆಕ್ಕೆಗಳಿವೆ. ಆದರೆ ನೋವಿನಿಂದ ಬಿರಿದ ಬಾಯಿ, ಹುಬ್ಬುಗಂಟು, ಮೇಲೆತ್ತಿದ ಕಣ್ಣು, ಎಲ್ಲವೂ ಮನುಷ್ಯರವೇ.

ಒಂದು ಫಲಕದಲ್ಲಿ ಅಥೀನಾ ದೇವಿಯು ಯುವಕನಾದ ದೈತ್ಯನೊಬ್ಬನನ್ನು ಕೂದಲು ಹಿಡಿದು ನೆಲದಿಂದ ಎಳೆಯುತ್ತಿದ್ದಾಳೆ. ಅವನು ಅಲ್ಸಿಯೋನ್ಯೂಸನೆಂದು ವಿದ್ವಾಂಸರ ಅಭಿಪ್ರಾಯ. ಹುಟ್ಟಿದ ನೆಲವನ್ನು ಮುಟ್ಟಿರುವವರೆಗೆ ಅವನಿಗೆ ಸಾವಿಲ್ಲವೆಂದು ಕಥೆ. ದೇವಿಯ ಹಾವು ಅವನ ಎದೆಯನ್ನು ಕಚ್ಚುತ್ತಿದೆ. ಜಯಲಕ್ಷ್ಮಿಯು ಹಾರಿಬಂದು ದೇವಿಗೆ ಕಿರೀಟವನ್ನು ತೊಡಿಸುತ್ತಿದ್ದಾಳೆ. ಫಲಕದ ಕೆಳಗಡೆ, ನೆಲವನ್ನು ಸೀಳಿಕೊಂಡು, ಎದೆಯ ಮಟ್ಟಕ್ಕೆ ಮೇಲೆದ್ದು ಬಂದಿದ್ದಾಳೆ ದೈತ್ಯರ ತಾಯಿ ಭೂಮಿ. ಅವಳ ಕೂದಲು ಕೆದರಿದೆ. ಮಗನನ್ನು ಬಿಡಬೇಕೆಂದು ಅವಳು ತಲೆಯೆತ್ತಿ ಅಥೀನಾಳನ್ನು ಬೇಡುತ್ತಿದ್ದಾಳೆ.