ಬ್ರಷ್ಷಿಗೂ ಒಂದು ಶ್ರುತಿ

ಬೆಂಗಳೂರಿನಿಂದ ಬಂದ ರೈಲು ಕಡೂರು ದಾಟಿ ಬೀರೂರು ಮುಟ್ಟಿದ ಮೇಲೆ ಹಳಿ ಕವಲೊಡೆಯುತ್ತದೆ. ಎಡಕ್ಕೆ ತರೀಕೆರೆ, ಬಲಕ್ಕೆ ಅಜ್ಜಂಪುರ, ಥೇಟ್ ಸ್ಟೀರಿಯೊ! ಎರಡೂ ಊರಲ್ಲಿ ನನಗೊಬ್ಬೊಬ್ಬ ಹೈಫೈ ಹುಚ್ಚಿನ ಗೆಳೆಯರಿದ್ದಾರೆ. ನಾನು ಕಡೂರಿನವನು. ಸೇರಿದರೆ ಸ್ಪೀಕರ್, ಆಂಪ್ಲಿಫೈಯರ್, ಹಳೇ ಎಲ್‌ಪಿ ಬಿಟ್ಟು ಬೇರೆ ಮಾತಿಲ್ಲ. ಮೊನ್ನೆ ಮಾತ್ರ ಎರಡು ಗಂಟೆ ಹರಟಿದ್ದು ಹಲ್ಲುಜ್ಜುವ ಬ್ರಷ್ಷಿನ ಮೇಲೆ.

ಆಂಪ್ಲಿಫೈಯರಿನ ಕಿಂಡಿಗಳ ಧೂಳು ಕೊಡವಲು ನಾನು ಹಳೇ ಬ್ರಷ್ ಹಿಡಿದಿದ್ದೆ. ಅದೇ ನೆಪವಾಯಿತು. ಗಟ್ಟಿ ಎಳೆಯ ಬ್ರಷ್ಷಿನಲ್ಲಿ ಟ್ರೆಬಲ್ ಜಾಸ್ತಿ, ಮೆತ್ತನೆಯದರಲ್ಲಿ ಬಾಸ್ ಚೆನ್ನಾಗಿದೆ ಎಂದೆ. ತರೀಕೆರೆಯವರು ಬಿಡುತ್ತಾರೆಯೇ? ಮಗ ಕೊಡಿಸಿದ ಬ್ಯಾಟರಿ ಬ್ರಷ್ಷನ್ನು ಶ್ರುತಿಪೆಟ್ಟಿಗೆಯ ಪಕ್ಕ ಇಟ್ಟು ನೋಡಿದ್ದಾರಂತೆ. 'ಸುಮಾರಾಗಿ ಒಂದು ಕಟ್ಟೆ ಶ್ರುತಿ ಕಣ್ರೀ!' ಎಂದರು. ನಗಬೇಡಿ, ಅದರಲ್ಲಿ ಲೆಕ್ಕವಿದೆ. ಆ ಬಗೆಯ ಬ್ರಷ್ ನಿಮಿಷಕ್ಕೆ 31,000 ಸಲ ಅತ್ತಿತ್ತ ಬೀಸುತ್ತದೆ. ಹೋಗಿ ಬರುವುದನ್ನು ಒಂದು ಕಂಪನವೆಂದು ಎಣಿಸಿದರೆ ಸೆಕೆಂಡಿಗೆ 258. ಒಂದು ಕಟ್ಟೆಯ ಷಡ್ಜಕ್ಕೆ 261. ಕೂದಲೆಳೆಯಷ್ಟು ಅಪಶ್ರುತಿ, ಅಷ್ಟೆ.

ಅಜ್ಜಂಪುರದ ಮೇಷ್ಟ್ರು ಬೇವಿನಕಡ್ಡಿಯ ಪಕ್ಷ. ವಾಲ್ವ್ ಆಂಪ್ಲಿಫೈಯರನ್ನು ಇನ್ನೂ ಬಿಡದವರು, ನೈಲಾನ್ ಎಳೆಯನ್ನು ಒಪ್ಪುತ್ತಾರೆಯೇ? ನೈಲಾನ್ ಬ್ರಷ್ ಬಂದದ್ದೇ 1938ರಲ್ಲಿ. ಅದಕ್ಕೆ ಮುಂಚೆ ಹಂದಿಕೂದಲು ಕಟ್ಟುತ್ತಿದ್ದರು ಎಂದು ನಾನು ಹೇಳಿದ್ದೇ ತಡ, ಮೇಷ್ಟ್ರು ಕಡ್ಡಿಯನ್ನು ಇನ್ನೂ ಭದ್ರವಾಗಿ ಹಿಡಿದರು.

ಆದರೆ ಅವರ ಮುಖ ಬಾಡಿತ್ತು. ಒಂದು ತಿಂಗಳಿಂದ ಎಡ ಸ್ಪೀಕರ್ ಸತ್ತಿದೆಯಂತೆ. ವೈರ್ ಬದಲಾಯಿಸಿದರು, ವಾಲ್ವ್ ಬದಲಾಯಿಸಿದರು, ಪಿಂಚಣಿಯಲ್ಲಿ ಒಂದಿಷ್ಟು ಕರಗಿತು. ನಾನು ಹೋಗಿ ಕೇಳಿದರೆ ಸ್ಪೀಕರ್ ಚೆನ್ನಾಗಿಯೇ ಹಾಡುತ್ತಿತ್ತು! ಮೇಷ್ಟ್ರು ಮೆಲ್ಲಗೆ, 'ಹಾಗಾದರೆ ಕಿವಿ ಹೋಯಿತು ಅನ್ನಿ' ಎಂದರು. ಸಂಗೀತವೇ ಜೀವವಾದವರು ಹಾಗೆ ಹೇಳಿದರೆ ಏನು ಉತ್ತರ ಕೊಡುವುದು?

ತರೀಕೆರೆಯವರು ಹೊಸದೊಂದು ಬ್ರಷ್ ತಲೆ ಸಿಕ್ಕಿಸಿ ಆ ಬ್ಯಾಟರಿ ಬ್ರಷ್ ಕೊಟ್ಟರು. 'ಹಲ್ಲಿಗೆ ಹಿಡಿದು ನೋಡಿ.' ಹಿಡಿದ ಮೇಷ್ಟ್ರು ಬೆಚ್ಚಿಬಿದ್ದರು. ಗುಂಯ್‌ಗುಟ್ಟುವ ಸದ್ದು ಎಡಗಿವಿಯಲ್ಲೇ ಜೋರಾಗಿತ್ತು!

ಹಲ್ಲಿನಿಂದ ದವಡೆ, ದವಡೆಯಿಂದ ತಲೆಬುರುಡೆ. ಹೀಗೆ ಸದ್ದು ಮೂಳೆಯ ದಾರಿ ಹಿಡಿದು ಒಳಗಿವಿ ಸೇರುತ್ತದೆ. ಗ್ರಾಮಫೋನಿನ ಪಿತಾಮಹ ಎಡಿಸನ್‌ಗೆ ಕಿವಿ ಮಂದ. ಯಂತ್ರದ ಮರಕ್ಕೆ ಹಲ್ಲು ಕಚ್ಚಿ ಹಾಡು ಕೇಳುತ್ತಿದ್ದನು. ಹೊರಗಿವಿಯ ದಾರಿ ಮುಚ್ಚಿದ್ದರೆ ಮೂಳೆಯ ಸದ್ದು ಆ ಕಡೆಗೇ ಜೋರು. ನೀವೂ ಒಂದು ಕಿವಿಗೆ ಬೆರಳಿಟ್ಟು, ಬಾಯಿ ಮುಚ್ಚಿ 'ಮ್‌' ಎಂದು ರಾಗ ಎಳೆಯಿರಿ. ಸದ್ದು ಮುಚ್ಚಿದ ಕಿವಿಗೆ ಸರಿಯುತ್ತದೆ.

ಮಾರನೆಯ ದಿನವೇ ಕಿವಿ ವೈದ್ಯರ ಹತ್ತಿರ ಕರೆದೊಯ್ದೆವು. ಅವರು ಶ್ರುತಿಕವೆ ಮೀಟಿ ಹಣೆಯ ನಡುವೆ ಇಟ್ಟರು. ಆಗಲೂ ಸದ್ದು ಎಡಕ್ಕೇ. ದೀಪ ಹಾಕಿ ನೋಡಿದರೆ ಗುಗ್ಗೆ, ಕಲ್ಲಿನಂತೆ ಗಟ್ಟಿ! ಮೇಷ್ಟ್ರು ದಿನಾ ಬೆಂಕಿಕಡ್ಡಿ ಹಾಕಿ ಅದನ್ನು ಒಳಗೊಳಗೇ ಒತ್ತಿದ್ದರು. ಹನಿ ಬಿಟ್ಟು, ಮೆತ್ತಗಾದ ಮೇಲೆ ತೆಗೆದರು.

ಸಂಜೆ ಮೇಷ್ಟ್ರ ಫೋನು. ಹಿಂದೆ ಪಿಟೀಲು ಜೋರಾಗಿತ್ತು. 'ಎಡ ಸ್ಪೀಕರ್ ಸ್ವಲ್ಪ ಅತಿಯಾಯ್ತು ಕಣಯ್ಯಾ, ಬಂದು ಸರಿಮಾಡು' ಎಂದರು.