ಕಿಡ್ನಿ ತೆಗೆಸಲು ಅವಸರವೇಕೆ?

ಮೂತ್ರಪಿಂಡದಲ್ಲಿ ಗಡ್ಡೆ ಇದೆ, ಅದಾಗಲೇ ಶ್ವಾಸಕೋಶಕ್ಕೋ ಮೂಳೆಗೋ ಹಬ್ಬಿದೆ ಎಂಬ ಸ್ಕ್ಯಾನ್ ವರದಿ ಕೈಗೆ ಬಂದಾಗ ಮನೆಮಂದಿಗೆ ತೋಚುವುದು ಒಂದೇ: ಮೊದಲು ಆ ಕಿಡ್ನಿ ತೆಗೆಸಿಬಿಡೋಣ. ಬೇರು ಕಿತ್ತರೆ ಗಿಡ ಒಣಗುತ್ತದೆ ಎಂಬ ಲೆಕ್ಕ ಅದು. ಇದಕ್ಕೆ ತದ್ವಿರುದ್ಧವಾದ ನಂಬಿಕೆಯೂ ನಮ್ಮಲ್ಲಿದೆ. ಚಾಕು ತಾಗಿದರೆ ಕ್ಯಾನ್ಸರ್ ಮೈಯೆಲ್ಲ ಹರಡುತ್ತದೆ ಎಂದು ಹೆದರಿ, ಗುಣವಾಗಬಹುದಾಗಿದ್ದ ಕಾಯಿಲೆಯನ್ನೂ ಕೈಮೀರಲು ಬಿಡುವವರಿದ್ದಾರೆ. ಗಡ್ಡೆ ಮೂತ್ರಪಿಂಡದೊಳಗೇ ಇದ್ದರೆ ಚರ್ಚೆಗೆ ಆಸ್ಪದವೇ ಇಲ್ಲ, ಶಸ್ತ್ರಚಿಕಿತ್ಸೆಯೇ ಮುಖ್ಯ ಮದ್ದು. ನನ್ನ ತಕರಾರಿರುವುದು ಹಬ್ಬಿದ ಕಾಯಿಲೆಯಲ್ಲಿ, ರೋಗಿಯ ಸ್ಥಿತಿ ಎಂಥದೆಂದು ತೂಗಿ ನೋಡುವ ಮೊದಲೇ ಆಪರೇಷನ್‌ಗೆ ದಿನ ಗೊತ್ತುಮಾಡುವ ರೂಢಿಯ ಬಗ್ಗೆ.

ಈ ರೂಢಿ ಬುಡವಿಲ್ಲದೆ ಹುಟ್ಟಿದ್ದಲ್ಲ. ಮಾಮೂಲಿ ಕೀಮೋಥೆರಪಿಗೆ ಮೂತ್ರಪಿಂಡದ ಕ್ಯಾನ್ಸರ್ ಹೆಚ್ಚಾಗಿ ಬಗ್ಗುವುದಿಲ್ಲ. ಕಳೆದ ಶತಮಾನದ ಕೊನೆಯಲ್ಲಿ ವೈದ್ಯರ ಕೈಯಲ್ಲಿದ್ದುದು ಇಂಟರ್‌ಫೆರಾನ್‌ನಂಥ ದುರ್ಬಲ ಮದ್ದು. ಅಮೆರಿಕ ಮತ್ತು ಯುರೋಪಿನಲ್ಲಿ ನಡೆದ ಎರಡು ಅಧ್ಯಯನಗಳ ಫಲಿತಾಂಶ 2001ರಲ್ಲಿ ಪ್ರಕಟವಾಯಿತು. ಕಿಡ್ನಿ ತೆಗೆದು ಇಂಟರ್‌ಫೆರಾನ್ ಕೊಟ್ಟವರು ಬರೀ ಇಂಟರ್‌ಫೆರಾನ್ ಪಡೆದವರಿಗಿಂತ ಹೆಚ್ಚು ದಿನ ಬದುಕಿದ್ದರು. ಎರಡನ್ನೂ ಕೂಡಿಸಿ ನೋಡಿದರೆ ಬದುಕಿನ ಮಧ್ಯಮ ಅವಧಿ 7.8 ತಿಂಗಳಿನಿಂದ 13.6 ತಿಂಗಳಿಗೆ ಏರಿತ್ತು. ಬೇರೇನೂ ಕೆಲಸ ಮಾಡದ ಕಾಲದಲ್ಲಿ ಆರು ತಿಂಗಳು ಸಣ್ಣ ಮಾತಲ್ಲ. ಅಂದಿನಿಂದ ‘ಮೊದಲು ಆಪರೇಷನ್, ಆಮೇಲೆ ಮದ್ದು’ ಎಂಬುದೇ ಕ್ರಮವಾಯಿತು. ಅಂದಿನ ಮಟ್ಟಿಗೆ ಅದು ಸರಿಯೂ ಆಗಿತ್ತು.

ಬದಲಾದದ್ದು ಮದ್ದು. ಈ ಕ್ಯಾನ್ಸರ್‌ನ ಪ್ರಮುಖ ಬಗೆಯಲ್ಲಿ ಒಂದು ವಂಶವಾಹಿ ಕೆಟ್ಟು, ಆಮ್ಲಜನಕವೇ ಇಲ್ಲವೇನೋ ಎಂಬಂತೆ ಗಡ್ಡೆ ಹೊಸ ಹೊಸ ರಕ್ತನಾಳಗಳನ್ನು ಕರೆಸಿಕೊಳ್ಳುತ್ತದೆ. (ಜೀವಕೋಶ ಆಮ್ಲಜನಕದ ಮಟ್ಟವನ್ನು ಅರಿಯುವ ಈ ಬಗೆಯನ್ನು ಬಿಡಿಸಿದ ಮೂವರಿಗೆ 2019ರ ನೊಬೆಲ್ ಸಂದಿತು.) ಆ ರಕ್ತನಾಳಗಳ ದಾರಿಯನ್ನೇ ಕಟ್ಟುವ ಸುನಿಟಿನಿಬ್ ಎಂಬ ಮಾತ್ರೆ 2006ರಲ್ಲಿ ಅಮೆರಿಕದಲ್ಲಿ ಬಳಕೆಗೆ ಬಂತು. ಇಂಥ ಮದ್ದು ಸಿಕ್ಕ ಮೇಲೂ ಕಿಡ್ನಿ ತೆಗೆಯುವುದರಿಂದ ಲಾಭವಿದೆಯೇ ಎಂದು ಕೇಳಿದ್ದು ಫ್ರಾನ್ಸ್‌ನ ವೈದ್ಯರ ಮುಂದಾಳುತನದ ‘ಕಾರ್ಮೆನಾ’ ಅಧ್ಯಯನ. 450 ರೋಗಿಗಳನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿ, ಒಂದಕ್ಕೆ ಆಪರೇಷನ್ ಆದಮೇಲೆ ಸುನಿಟಿನಿಬ್, ಇನ್ನೊಂದಕ್ಕೆ ಸುನಿಟಿನಿಬ್ ಮಾತ್ರ ಕೊಟ್ಟರು. 2018ರಲ್ಲಿ ಬಂದ ಉತ್ತರ ಹಲವು ಶಸ್ತ್ರವೈದ್ಯರಿಗೆ ಇರುಸುಮುರುಸು ತಂದಿತು. ಆಪರೇಷನ್ ಗುಂಪಿನ ಮಧ್ಯಮ ಅವಧಿ 13.9 ತಿಂಗಳು; ಮಾತ್ರೆ ಮಾತ್ರ ಪಡೆದವರದ್ದು 18.4. ಮಾತ್ರೆಯೇ ಮೇಲು ಎಂದು ಇದರಿಂದ ಸಾಬೀತಾಗಲಿಲ್ಲ, ಅದು ಆಪರೇಷನ್‌ಗಿಂತ ಕೀಳಲ್ಲ ಎಂಬುದು ಸಾಬೀತಾಯಿತು. ಅಷ್ಟೇ ಸಾಕಲ್ಲವೇ? ದೊಡ್ಡ ಅಂಗವೊಂದನ್ನು ಕಳೆದುಕೊಳ್ಳುವವನಿಗೆ ಅದರಿಂದ ಏನಾದರೂ ಸಿಗುತ್ತದೆ ಎಂದು ತೋರಿಸುವ ಹೊಣೆ ಕತ್ತರಿ ಹಿಡಿದವರದ್ದು.

ಈ ಅಂಕಿಗಳ ಅಡಿಯಲ್ಲಿ ಇನ್ನೊಂದು ಸಂಗತಿ ಅಡಗಿದೆ. ಆಪರೇಷನ್ ಗುಂಪಿಗೆ ಬಿದ್ದ 226 ಜನರಲ್ಲಿ 40 ಮಂದಿಗೆ ಸುನಿಟಿನಿಬ್ ಸಿಗಲೇ ಇಲ್ಲ. ಗಾಯ ಮಾಯಬೇಕು, ಮೈ ಚೇತರಿಸಿಕೊಳ್ಳಬೇಕು, ಅದಾದ ಮೇಲಷ್ಟೇ ಮದ್ದು. ಕಾಯಿಲೆ ಅಲ್ಲಿಯವರೆಗೆ ಸುಮ್ಮನೆ ಕೂರುವುದಿಲ್ಲ. ಹಬ್ಬಿದ ಕ್ಯಾನ್ಸರ್‌ನಲ್ಲಿ ಜೀವ ತೆಗೆಯುವುದು ಸಾಮಾನ್ಯವಾಗಿ ಹೊಟ್ಟೆಯೊಳಗಿನ ಮೂಲ ಗಡ್ಡೆಯಲ್ಲ, ಅದರಿಂದ ಹೊರಟು ಬೇರೆಡೆ ನೆಲೆ ಊರಿದ ತುಣುಕುಗಳು. ಬೇರು ಕಿತ್ತರೆ ಒಣಗಲು ಇದು ಒಂಟಿ ಗಿಡವಲ್ಲ, ಬೀಜ ಸಿಡಿದು ಹೊಲವೆಲ್ಲ ಮೊಳೆತ ಕಳೆ. ಬುಡದ ಗಿಡವೊಂದನ್ನು ಕೀಳುವುದರಲ್ಲಿ ತಿಂಗಳು ಕಳೆದರೆ ಉಳಿದದ್ದು ಆಳೆತ್ತರ ಬೆಳೆದಿರುತ್ತದೆ.

ಆಕ್ಷೇಪಗಳಿವೆ, ಅವು ಹಗುರವಾದವಲ್ಲ. ಕಾರ್ಮೆನಾಕ್ಕೆ ಸೇರಿದವರಲ್ಲಿ ಕಾಯಿಲೆ ಬಲಿತವರೇ ಹೆಚ್ಚು, ಗಟ್ಟಿಮುಟ್ಟಾದವರನ್ನು ವೈದ್ಯರು ಅಧ್ಯಯನಕ್ಕೆ ಕಳಿಸದೆ ನೇರವಾಗಿ ಆಪರೇಷನ್ ಮಾಡಿದರು ಎಂಬುದು ಒಂದು. ಇದು ನಿಜವೇ ಇರಬೇಕು. 576 ಜನರನ್ನು ಸೇರಿಸುವ ಉದ್ದೇಶವಿದ್ದರೂ ಎಂಟು ವರ್ಷದಲ್ಲಿ ಸಿಕ್ಕವರು 450. ಆದರೆ ಈ ಆಕ್ಷೇಪ ನನ್ನ ವಾದವನ್ನೇ ಗಟ್ಟಿಮಾಡುತ್ತದೆ: ಕಾಯಿಲೆ ಬಲಿತವರಿಗೆ ಮೊದಲೇ ಆಪರೇಷನ್ ಬೇಡ ಎಂಬುದನ್ನು ಅದು ಒಪ್ಪಿಕೊಂಡ ಹಾಗಾಯಿತು. ಆಪರೇಷನ್ ಆದವರು ಹೆಚ್ಚು ಕಾಲ ಬದುಕುವುದನ್ನು ಆಸ್ಪತ್ರೆಗಳ ದಾಖಲೆಗಳೇ ಹೇಳುತ್ತವಲ್ಲ ಎಂಬುದು ಎರಡನೆಯದು. ಹೌದು, 2014ರಲ್ಲಿ ಪ್ರಕಟವಾದ, 1,658 ರೋಗಿಗಳ ಅಂತರರಾಷ್ಟ್ರೀಯ ದಾಖಲೆಯಲ್ಲಿ ಆಪರೇಷನ್ ಆದವರ ಮಧ್ಯಮ ಅವಧಿ 20.6 ತಿಂಗಳು, ಆಗದವರದ್ದು 9.5. ಆದರೆ ಆಪರೇಷನ್ ಮೇಜಿನ ಮೇಲೆ ಮಲಗಿಸಿದ್ದು ಯಾರನ್ನು? ತಡೆದುಕೊಳ್ಳಬಲ್ಲವರನ್ನು. ಬೆಟ್ಟ ಹತ್ತಿದವರೇ ಆರೋಗ್ಯವಂತರು ಎಂದು ಲೆಕ್ಕ ಹಾಕಿ, ಬೆಟ್ಟವೇ ಆರೋಗ್ಯ ಕೊಟ್ಟಿತು ಎಂದರೆ ಹೇಗೆ? ಅದೇ ದಾಖಲೆಯಲ್ಲಿ, ಅಪಾಯದ ಆರು ಲಕ್ಷಣಗಳಲ್ಲಿ ನಾಲ್ಕು ಅಥವಾ ಹೆಚ್ಚು ಇದ್ದವರಿಗೆ ಆಪರೇಷನ್‌ನಿಂದ ಲಾಭ ಕಂಡಿರಲಿಲ್ಲ. ಅದನ್ನು ಉದಾಹರಿಸುವವರು ಈ ಸಾಲನ್ನು ಓದುವುದು ಕಡಿಮೆ.

ಹಾಗಾದರೆ ಆಪರೇಷನ್ ಬೇಡವೇ ಬೇಡವೇ? ಇಲ್ಲ, ಸರದಿ ಬದಲಾಗಬೇಕು. ‘ಸರ್ಟೈಮ್’ ಎಂಬ ಯುರೋಪಿನ ಅಧ್ಯಯನ ಇದನ್ನೇ ಪರೀಕ್ಷಿಸಿತು. ಒಂದು ಗುಂಪಿಗೆ ಕೂಡಲೇ ಆಪರೇಷನ್. ಇನ್ನೊಂದಕ್ಕೆ ಮೊದಲು ಮದ್ದು, ಕಾಯಿಲೆ ಹತೋಟಿಯಲ್ಲಿದ್ದರೆ ಆಮೇಲೆ ಆಪರೇಷನ್. 28 ವಾರಗಳ ಹೊತ್ತಿಗೆ ಕಾಯಿಲೆ ಮುಂದುವರಿಯದೆ ಇದ್ದವರ ಪ್ರಮಾಣ ಎರಡೂ ಕಡೆ ಹೆಚ್ಚುಕಡಿಮೆ ಒಂದೇ. ಬದುಕಿನ ಮಧ್ಯಮ ಅವಧಿ ಮಾತ್ರ ಕೂಡಲೇ ಆಪರೇಷನ್ ಗುಂಪಿನಲ್ಲಿ 15 ತಿಂಗಳು, ಮೊದಲು ಮದ್ದು ಪಡೆದ ಗುಂಪಿನಲ್ಲಿ 32.4. ಸೇರಿದ್ದು 99 ಜನ ಮಾತ್ರ, ಆದ್ದರಿಂದ ಈ ಅಂತರವನ್ನು ತಲೆಯ ಮೇಲೆ ಹೊತ್ತು ಕುಣಿಯಬಾರದು. ಆದರೂ ಅದರ ಹಿಂದಿನ ತರ್ಕ ನೇರವಾಗಿದೆ. ಮದ್ದಿಗೂ ಬಗ್ಗದೆ ಕಾಯಿಲೆ ಧಾವಿಸುತ್ತಿದ್ದರೆ ಅಂಥವರನ್ನು ಕೊಯ್ದು ಪ್ರಯೋಜನವಿಲ್ಲ, ಅದು ಕೆಲವೇ ತಿಂಗಳಲ್ಲಿ ಗೊತ್ತಾಗುತ್ತದೆ. ಬಗ್ಗಿದವರಿಗೆ ಆಪರೇಷನ್ ದಾರಿ ತೆರೆದೇ ಇರುತ್ತದೆ. ಮೂತ್ರದಲ್ಲಿ ರಕ್ತ ನಿಲ್ಲದಿದ್ದಾಗ, ನೋವು ತಡೆಯಲಾಗದಿದ್ದಾಗ, ಹಬ್ಬಿದ ಗಂಟು ಒಂದೇ ಇದ್ದು ಅದನ್ನೂ ತೆಗೆಯಬಹುದಾದಾಗ ಮೊದಲೇ ಆಪರೇಷನ್ ಮಾಡುವುದಕ್ಕೆ ನನ್ನ ಅಡ್ಡಿಯಿಲ್ಲ.

ಸುನಿಟಿನಿಬ್ ಈಗ ಹಳೆಯದು, ಇಮ್ಯುನೊಥೆರಪಿ ಬಂದಿದೆ, ಹಳೆಯ ಅಧ್ಯಯನ ಹಿಡಿದು ಯಾಕೆ ಮಾತು ಎನ್ನುವವರೂ ಇದ್ದಾರೆ. ಇಂಟರ್‌ಫೆರಾನ್ ದುರ್ಬಲವಾಗಿದ್ದಾಗ ಕತ್ತರಿ ಗೆದ್ದಿತು, ಸುನಿಟಿನಿಬ್ ಬಂದಾಗ ಅದರ ಗೆಲುವು ಕರಗಿತು. ಮದ್ದು ಇನ್ನೂ ಬಲವಾದಾಗ ಅವಸರದ ಆಪರೇಷನ್‌ಗೆ ಬೆಲೆ ಏರುತ್ತದೆ ಎನ್ನಲು ಕಾರಣವೇ ಇಲ್ಲ. ಅಮೆರಿಕದ ‘ಪ್ರೋಬ್’, ಉತ್ತರ ಯುರೋಪಿನ ‘ನಾರ್ಡಿಕ್-ಸನ್’ ಅಧ್ಯಯನಗಳನ್ನು ರೂಪಿಸಿದ್ದೂ ಇಮ್ಯುನೊಥೆರಪಿಯನ್ನು ಮೊದಲು ಕೊಟ್ಟು, ಆಮೇಲೆ ಆಪರೇಷನ್ ಬೇಕೇ ಎಂದು ಕೇಳುವ ಹಾಗೆಯೇ.

ನಮ್ಮಲ್ಲಿ ಉಳಿಯುವ ಗಟ್ಟಿ ಆಕ್ಷೇಪ ದುಡ್ಡಿನದು. ಆಪರೇಷನ್ ಒಂದು ಸಲದ ಖರ್ಚು, ಇಮ್ಯುನೊಥೆರಪಿ ತಿಂಗಳು ತಿಂಗಳೂ ಲಕ್ಷಗಳಲ್ಲಿ ಸುರಿಯಬೇಕಾದದ್ದು. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಅರ್ಹ ಬಡ ಕುಟುಂಬಕ್ಕೆ ವರ್ಷಕ್ಕಿರುವ ಮಿತಿ 5 ಲಕ್ಷ ರೂಪಾಯಿ. ಹೊಸ ಮದ್ದಿನ ಮುಂದೆ ಅದು ಬೇಗ ಕರಗುತ್ತದೆ. ಆದರೆ ಮದ್ದು ಕೈಗೆಟುಕದು ಎಂಬುದು ಕೊಯ್ಯಲು ಕಾರಣವಾಗದು. ಸುನಿಟಿನಿಬ್‌ನ ಜೆನೆರಿಕ್ ಮಾತ್ರೆ ಭಾರತದಲ್ಲಿ ಸಿಗುತ್ತದೆ, ಕಾರ್ಮೆನಾದಲ್ಲಿ ಬಳಸಿದ್ದು ಅದೇ ಮದ್ದನ್ನೇ. ಇನ್ನು ರೋಗಿಯ ಅಪಾಯದ ಮಟ್ಟ ಅಳೆಯಲು ಜಗತ್ತಿನೆಲ್ಲೆಡೆ ಬಳಸುವ ಲಕ್ಷಣಗಳು ಆರು. ರೋಗಿ ತನ್ನ ಕೆಲಸ ತಾನೇ ಮಾಡಿಕೊಳ್ಳಬಲ್ಲನೇ, ಕಾಯಿಲೆ ಪತ್ತೆಯಾಗಿ ಒಂದು ವರ್ಷದೊಳಗೇ ಮದ್ದು ಬೇಕಾಯಿತೇ ಎಂಬೆರಡು ಪ್ರಶ್ನೆಗೆ ಉತ್ತರ ಬಾಯಲ್ಲೇ ಸಿಗುತ್ತದೆ. ಉಳಿದ ನಾಲ್ಕು ಹಿಮೋಗ್ಲೋಬಿನ್, ಕ್ಯಾಲ್ಸಿಯಂ, ನ್ಯೂಟ್ರೋಫಿಲ್, ಪ್ಲೇಟ್ಲೆಟ್. ಯಾವ ಜಿಲ್ಲಾ ಕೇಂದ್ರದ ಲ್ಯಾಬ್‌ನಲ್ಲೂ ಆಗುವ ಪರೀಕ್ಷೆಗಳಿವು. ಆಪರೇಷನ್‌ಗೆ ದಿನ ಕೊಡುವ ಮೊದಲು ಈ ಆರೂ ಉತ್ತರಗಳು ಯುರಾಲಜಿಸ್ಟ್ ಮತ್ತು ಆಂಕಾಲಜಿಸ್ಟ್ ಇಬ್ಬರ ಮುಂದೆಯೂ ಇರಲಿ, ಮನೆಯವರೂ ಆ ಮಾತಿನಲ್ಲಿ ಕೂತಿರಲಿ.